ಮಗ್ಗಕ್ಕಿಂತ ಮೊದಲು ರಾಟಿ ಬಂತು

ಮೊದಲ ಸಾಲಿನಲ್ಲಿ ಕೂತವರ ಕೈಗೆ ಒಂದು ಟವೆಲ್ ಕೊಟ್ಟಿದ್ದೇನೆ. ನೋಡಿ, ಹಿಂದಿನವರಿಗೆ ದಾಟಿಸಿ. ಮುಟ್ಟಿ, ಜಗ್ಗಿ, ಬೆಳಕಿಗೆ ಹಿಡಿಯಿರಿ. ಏನೂ ಆಗುವುದಿಲ್ಲ. ಅದು ನಾನು ನೇಯ್ದ ಮೊದಲ ಬಟ್ಟೆ. 2020ರ ಆಗಸ್ಟ್‌ನಲ್ಲಿ ಮಗ್ಗದಿಂದ ಇಳಿಸಿದ್ದು. ಎಡಗಡೆ ಅಂಚಿನಿಂದ ನಾಲ್ಕು ಬೆರಳು ಒಳಗೆ ನೋಡಿದರೆ ಒಂದು ಸಣ್ಣ ಸಂದು ಕಾಣುತ್ತದೆ. ಮೇಲಿನಿಂದ ಕೆಳಗಿನ ತನಕ ಗೆರೆ ಎಳೆದ ಹಾಗೆ. ಅಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಹೋಗುವ ನೂಲಿನ, ಒಂದು ಎಳೆ ಇಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ.

ನಿವೃತ್ತಿ ಆದ ಮೇಲೆ ಕೈಮಗ್ಗಕ್ಕೆ ಮರಳಿದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮಾತಾಡುತ್ತೇನೆ. ಆದರೆ ನಾನು ಹೇಳಬೇಕು ಅಂದುಕೊಂಡು ಬಂದದ್ದು ಮಗ್ಗದ ಮೇಲಿನ ಕೆಲಸದ ಬಗ್ಗೆ ಕಡಿಮೆ, ಮಗ್ಗಕ್ಕಿಂತ ಮೊದಲಿನ ಕೆಲಸದ ಬಗ್ಗೆ ಜಾಸ್ತಿ. ನೇಯ್ಗೆ ಅಂದರೆ ಲಾಳಿ ಅತ್ತಿಂದಿತ್ತ ಓಡುವ ಚಿತ್ರ ನಿಮ್ಮ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಲಾಳಿ ಓಡಬೇಕಾದರೆ ಅದರ ಹೊಟ್ಟೆಯಲ್ಲಿ ಕಂಡಿಕೆ, ಅಂದರೆ ನೂಲು ಸುತ್ತಿದ ಸಣ್ಣ ಕಡ್ಡಿ, ಇರಬೇಕು. ಆ ಕಂಡಿಕೆ ಸುತ್ತಿದವರು ಯಾರು ಅಂತ ನಾವು ಕೇಳುವುದಿಲ್ಲ. ನಾನೂ ಐವತ್ತೇಳು ವರ್ಷ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಸುತ್ತುತ್ತಿದ್ದವಳು ನಮ್ಮವ್ವ. ಅವಳ ಜೊತೆ ನಾನು.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ. ಗದಗ-ಬೆಟಗೇರಿ ಅಂತ ಒಂದೇ ಉಸಿರಿನಲ್ಲಿ ಅನ್ನುತ್ತೀರಲ್ಲ, ಆ ಬೆಟಗೇರಿ. ನಮ್ಮ ಓಣಿಯಲ್ಲಿ ಆಗ ಮಗ್ಗ ಇಲ್ಲದ ಮನೆ ಹುಡುಕಬೇಕಿತ್ತು. ಪಡಸಾಲೆಯಲ್ಲಿ ಅಪ್ಪನ ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೇ ಕೂತು ನೇಯುವ ಮಗ್ಗ. ಕುಣಿ ಯಾಕೆ ಅಂದರೆ ಕಾಲಿಗೆ ಜಾಗ ಬೇಕು ಅಂತ ಮಾತ್ರ ಅಲ್ಲ. ಮಣ್ಣಿನ ತಂಪು ಮೇಲೆ ಏರಿ ನೂಲಿಗೆ ತಾಗುತ್ತದೆ. ಹತ್ತಿ ನೂಲು ಒಣಗಿದರೆ ಪಟ್ಟನೆ ಹರಿಯುತ್ತದೆ, ತುಸು ತೇವ ಇದ್ದರೆ ಗಟ್ಟಿ ನಿಲ್ಲುತ್ತದೆ. ನಮ್ಮ ಕಡೆಯ ಚೈತ್ರ ವೈಶಾಖದ ಒಣ ಗಾಳಿಯಲ್ಲಿ ನೇಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯಿಂದ ಬಂದ ಕೂಡಲೇ ನನ್ನ ಕೆಲಸ ರಾಟಿ. ಲಡಿ ಅಂದರೆ ನೂಲಿನ ಕಟ್ಟು, ಅದನ್ನು ಬಿಚ್ಚಿ ರಾಟಿ ತಿರುಗಿಸಿ ಕಂಡಿಕೆಗೆ ಸುತ್ತಬೇಕು. ಹತ್ತಿಪ್ಪತ್ತು ಕಂಡಿಕೆ ಆದ ಮೇಲೆ ಮಗ್ಗಿ ಪುಸ್ತಕ. ಅವ್ವನ ಕೆಲಸ ಇನ್ನೂ ಉದ್ದ. ನೂಲು ನೆನೆಸುವುದು, ಗಂಜಿ ಹಾಕುವುದು, ಒಣಗಿಸುವುದು, ಬಿಡಿಸುವುದು, ಸುತ್ತುವುದು, ಹಾಸು ಹೊಯ್ಯುವುದು. ಬಿಸಿಲು ಏರುವ ಮೊದಲೇ ಓಣಿಯ ಈ ತುದಿಯಿಂದ ಆ ತುದಿಗೆ ಹಾಸು ಎಳೆದು ಕಟ್ಟಿ, ದೊಡ್ಡ ಕುಂಚದಲ್ಲಿ ಗಂಜಿ ಹಚ್ಚುತ್ತಿದ್ದರು. ಅದಕ್ಕೆ ನಾಲ್ಕು ಮನೆಯವರು ಬರಬೇಕು. ಇವತ್ತು ನಮ್ಮದು, ನಾಳೆ ನಿಮ್ಮದು. ಆ ಹೊತ್ತಿನಲ್ಲಿ ಸೈಕಲ್ ಬಂದರೂ ಇಳಿದು, ಪಕ್ಕಕ್ಕೆ ಸರಿದು ಹೋಗುತ್ತಿತ್ತು.

ನಮ್ಮ ಅಣ್ಣಂದಿರು ಹದಿನಾಲ್ಕು ಹದಿನೈದಕ್ಕೆ ಮಗ್ಗದ ಮೇಲೆ ಕೂತರು. ನಾನು ಕೂರಲಿಲ್ಲ. ಬೇಡ ಅಂತ ಯಾರೂ ತಡೆದದ್ದಲ್ಲ. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಅಲ್ಲಿ ಕೂತದ್ದನ್ನು ನಾನು ನೋಡಿರಲೇ ಇಲ್ಲ, ಹಾಗಾಗಿ ಆಸೆ ಕೂಡ ಹುಟ್ಟಲಿಲ್ಲ. ಬೇರೆ ಮನೆಗಳಲ್ಲಿ, ಬೇರೆ ಊರುಗಳಲ್ಲಿ ಹೆಣ್ಣುಮಕ್ಕಳು ನೇಯುತ್ತಿದ್ದರು, ಈಗಲೂ ನೇಯುತ್ತಾರೆ. ನಾನು ನಮ್ಮ ಮನೆಯ ಮಾತು ಹೇಳುತ್ತಿದ್ದೇನೆ. ಮನೆಗೆ ಯಾರಾದರೂ ಬರೆದುಕೊಳ್ಳಲು ಬಂದರೆ ಅವ್ವ ಹೇಳುತ್ತಿದ್ದಳು: "ನಮ್ಮನಿಯವರು ನೇಕಾರರು ರೀ." ಅಂದರೆ ಅಪ್ಪ. ಅವಳ ಹೆಸರಿನ ಮುಂದೆ "ಮನೆಗೆಲಸ" ಅಂತ ಬೀಳುತ್ತಿತ್ತು.

2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಒಂದಿದೆ. ಅದರಲ್ಲಿ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ ಅಂತ ಲೆಕ್ಕ. ಅದರಲ್ಲಿ ನೇಕಾರರು 26.73 ಲಕ್ಷ. ಉಳಿದ 8.48 ಲಕ್ಷ ಜನ ಪೂರಕ ಕೆಲಸದವರು. ಅಂದರೆ ನೂಲು ಸುತ್ತುವವರು, ಹಾಸು ಹೊಯ್ಯುವವರು, ಬಣ್ಣ ಹಾಕುವವರು. ಆ ಅಂಕಿ ನೋಡಿದ ದಿನ ನನಗೆ ಒಳಗೇ ಏನೋ ಆಯಿತು. ಅವ್ವನಂಥವರನ್ನು ಎಣಿಸಲು ಅಲ್ಲಿ ಒಂದು ಕಾಲಂ ಇತ್ತು!

ಸರಿ. 1984ರಲ್ಲಿ ನನಗೆ ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಹುಬ್ಬಳ್ಳಿಗೆ ಬಂದೆ. ಮೊದಲು ಟ್ರಂಕ್ ಕಾಲ್, ಅಂದರೆ ಬೇರೆ ಊರಿಗೆ ಬುಕ್ ಮಾಡಿದ ಕರೆಯನ್ನು ನಾವು ಜೋಡಿಸಿ ಕೊಡುವುದು. ಇಲ್ಲಿ ಕೂತ ಹಿರಿಯರಿಗೆ ನೆನಪಿರಬೇಕು, ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ತರ. ಲೈಟ್ನಿಂಗ್ ಬುಕ್ ಆಯಿತು ಅಂದರೆ ನಮಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ದುಡ್ಡು ಕೊಟ್ಟು ಯಾರೂ ಸುಮ್ನೆ ಮಾತಾಡುವುದಿಲ್ಲ. ಸಾವು, ಇಲ್ಲವೇ ಆಸ್ಪತ್ರೆ. ಆಮೇಲೆ ಜನ ತಾವೇ ಡಯಲ್ ಮಾಡುವ ಎಸ್‌ಟಿಡಿ ಬಂತು, ಟ್ರಂಕ್ ಕಾಲ್ ಹೋಯಿತು. ನನ್ನನ್ನು 198ಕ್ಕೆ ಹಾಕಿದರು. ಫೋನ್ ಕೆಟ್ಟರೆ ದೂರು ಕೊಡುವ ನಂಬರ್. ಅಲ್ಲಿಂದ ಟೆಸ್ಟ್ ಡೆಸ್ಕ್. ಕುರ್ಚಿಯಲ್ಲೇ ಕೂತು ಲೈನ್ ಪರೀಕ್ಷೆ ಮಾಡಿ, ತಂತಿ ಹರಿದಿದೆಯೋ, ಎರಡು ತಂತಿ ಒಂದಕ್ಕೊಂದು ಅಂಟಿವೆಯೋ, ನೆಲಕ್ಕೆ ತಾಗಿದೆಯೋ ಅಂತ ಹೇಳಬೇಕು. ಓಪನ್, ಶಾರ್ಟ್, ಅರ್ತ್. ಲೈನ್‌ಮನ್ ಅಣ್ಣಂದಿರು ನನ್ನ ಮಾತಿನ ಮೇಲೆ ಮಳೆಯಲ್ಲಿ ಕಂಬ ಹತ್ತುತ್ತಿದ್ದರು. ತಪ್ಪು ಹೇಳಿದರೆ ಅವರ ಅರ್ಧ ದಿನ ಹಾಳು. ಆ ಕೆಲಸವನ್ನು ನಾನು ಬಹಳ ಪ್ರೀತಿಯಿಂದ ಮಾಡಿದೆ. ಇವತ್ತು ನೇಯ್ಗೆಯ ಬಗ್ಗೆ ಮಾತಾಡುವಾಗ ಅದನ್ನು ಸಣ್ಣದು ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಮೂವತ್ತೈದು ವರ್ಷ ದಾರಿ ತಪ್ಪಿ ಅಲೆದು ಕೊನೆಗೆ ಮನೆ ಸೇರಿದೆ ಅಂತ ನನಗೆ ಅನ್ನಿಸುವುದಿಲ್ಲ. ಅದೂ ನನ್ನ ಕೆಲಸವೇ, ಇದೂ ನನ್ನ ಕೆಲಸವೇ.

ಈ ನಡುವೆ ಬೆಟಗೇರಿಯಲ್ಲಿ ಅಪ್ಪ ಮಗ್ಗ ನಿಲ್ಲಿಸಿದ್ದರು. ಒಬ್ಬ ಅಣ್ಣ ಪವರ್‌ಲೂಮ್‌ಗೆ ಹೋದ, ಇನ್ನೊಬ್ಬ ಅಂಗಡಿ ಹಾಕಿದ. ಕುಣಿಗೆ ಮಣ್ಣು ತುಂಬಿ, ಮೇಲೆ ಶಹಾಬಾದ್ ಫರಸಿ ಹಾಕಿಸಿದರು. ಅಪ್ಪ ತೀರಿದ ಮೇಲೆ ಅವ್ವ ನನ್ನ ಜೊತೆ ಹುಬ್ಬಳ್ಳಿಗೆ ಬಂದಳು.

ನಾನು 2020ರ ಜನವರಿ 31ಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಆಗ ದೇಶದ ತುಂಬ ಸಾವಿರಾರು ಜನ ಒಂದೇ ದಿನ ಹೊರಗೆ ಬಂದೆವು. ಮನೆಯಲ್ಲಿ ಕೂತ ಮೊದಲ ವಾರವೇ ನಾನು ಒಂದು ಸಂಗತಿ ನೋಡಿದೆ. ಅಷ್ಟು ವರ್ಷ ಡ್ಯೂಟಿ ಗಡಿಬಿಡಿಯಲ್ಲಿ ನೋಡಿರಲಿಲ್ಲ. ಅವ್ವ ಕಿಟಕಿ ಹತ್ತಿರ ಕೂತಿರುತ್ತಾಳೆ, ಕೈ ಸುಮ್ಮನಿರುವುದಿಲ್ಲ. ಸೀರೆಯ ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊಸೆಯುತ್ತಲೇ ಇರುತ್ತಾಳೆ. ದಿನವಿಡೀ. ಆಗ ಅವಳಿಗೆ ಎಂಬತ್ನಾಲ್ಕು. ಕಣ್ಣು ಮಂಜು. ಅಂದರೆ ಬೆರಳುಗಳು ಅಷ್ಟು ವರ್ಷದಿಂದ ನೂಲು ಹುಡುಕುತ್ತಿದ್ದವು.

ಹಾಗಾಗಿ ನಮ್ಮ ಮನೆಗೆ ಮೊದಲು ಬಂದದ್ದು ಮಗ್ಗ ಅಲ್ಲ, ರಾಟಿ. ಬೆಟಗೇರಿಯಲ್ಲಿ ಪರಿಚಯದ ಮನೆಯೊಂದರ ಅಟ್ಟದ ಮೇಲಿತ್ತು. ನಾಲ್ಕು ಲಡಿ ನೂಲು, ಒಂದು ಡಬ್ಬಿ ಖಾಲಿ ಕಂಡಿಕೆ ಜೊತೆಗೆ ತಂದೆ. ಅವ್ವನ ಮುಂದೆ ಇಟ್ಟೆ. ಅವಳು ಏನೂ ಕೇಳಲಿಲ್ಲ. ನೂಲಿನ ಒಂದು ಎಳೆ ತೆಗೆದು ಬೆರಳಲ್ಲಿ ತಿಕ್ಕಿದಳು. "ಇದು ಅರವತ್ತು ಅಂತ ಕೊಟ್ರೇನು? ನಲವತ್ತು ಐತಿ" ಅಂದಳು. ಲೇಬಲ್ ನೋಡಿದೆ. ನಲವತ್ತೇ ಇತ್ತು.

ನಂಬರ್ ಅಂದರೆ ಏನು ಅಂತ ಒಂದು ಮಾತು ಹೇಳಿಬಿಡುತ್ತೇನೆ. 840 ಗಜ ನೂಲಿಗೆ ಒಂದು ಲಡಿ. ಒಂದು ಪೌಂಡು ತೂಕಕ್ಕೆ ಇಂಥ ಎಷ್ಟು ಲಡಿ ಬರುತ್ತವೋ ಅದೇ ಆ ನೂಲಿನ ನಂಬರ್. ನಲವತ್ತು ಲಡಿ ಬಂದರೆ ನಲವತ್ತರ ನೂಲು, ಅರವತ್ತು ಬಂದರೆ ಅರವತ್ತರದು. ನಂಬರ್ ಏರಿದಷ್ಟೂ ನೂಲು ತೆಳು. ಅವ್ವನಿಗೆ ಪೌಂಡು ಗೊತ್ತಿಲ್ಲ, ಗಜದ ಲೆಕ್ಕವೂ ಗೊತ್ತಿಲ್ಲ. ಅವಳ ಬೆರಳಿಗೆ ನಂಬರ್ ಗೊತ್ತಿತ್ತು.

ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಇದ್ದದ್ದು ನಾಲ್ಕು ಲಡಿ. ಅವನ್ನೇ ಸುತ್ತುವುದು, ಬಿಚ್ಚಿ ಲಡಿ ಮಾಡುವುದು, ಮತ್ತೆ ಸುತ್ತುವುದು. ಎರಡು ತಿಂಗಳು ನಾವಿಬ್ಬರೂ ಇದನ್ನೇ ಮಾಡಿದೆವು. ಚಿಕ್ಕವಳಿದ್ದಾಗ ಸಾವಿರಾರು ಕಂಡಿಕೆ ಸುತ್ತಿದ್ದೆನಲ್ಲ, ಬರುತ್ತದೆ ಅಂತ ಧೈರ್ಯ. ರಾಟಿ ತಿರುಗಿಸುವುದು ಬಂತು. ಆದರೆ ಕಂಡಿಕೆ ಹೇಗೆ ಕೂರಬೇಕು ಅನ್ನುವುದನ್ನು ನಾನು ಚಿಕ್ಕಂದಿನಲ್ಲಿ ತಿಳಿದೇ ಇರಲಿಲ್ಲ, ಬರೀ ಮಾಡಿದ್ದೆ ಅಷ್ಟೇ. ಸಡಿಲ ಸುತ್ತಿದರೆ ಲಾಳಿ ಓಡುವಾಗ ಸುತ್ತು ಸುತ್ತೇ ಜಾರಿ ಬಿದ್ದು ಗಂಟಾಗುತ್ತದೆ. ಬಿಗಿ ಸುತ್ತಿದರೆ ಹೊಕ್ಕು, ಅಂದರೆ ಅಡ್ಡಕ್ಕೆ ಹೋಗುವ ನೂಲು, ಬಿಡಿಸಿಕೊಳ್ಳುವುದಿಲ್ಲ, ಅಂಚು ಒಳಗೆ ಜಗ್ಗುತ್ತದೆ. ಬುಡದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ತುದಿಯ ಕಡೆ ಸರಿಯುತ್ತಾ ಹೋಗಬೇಕು. ಆಗ ನೂಲು ತುದಿಯಿಂದ ನೀರು ಹರಿದ ಹಾಗೆ ಬರುತ್ತದೆ. ಬಟ್ಟೆಯ ಅಂಚು ನೆಟ್ಟಗೆ ಬರುತ್ತದೋ ಇಲ್ಲವೋ ಅನ್ನುವುದರಲ್ಲಿ ಅರ್ಧ ಅಲ್ಲೇ, ರಾಟಿಯ ಮುಂದೆ ಕೂತವಳ ಕೈಯಲ್ಲೇ ತೀರ್ಮಾನ ಆಗಿರುತ್ತದೆ. ಹೀಗಿದ್ದರೂ ಅಂಚು ಚೆಂದ ಬಂದರೆ ಅಪ್ಪನನ್ನೇ ಹೊಗಳುತ್ತಿದ್ದೆವು. ಅಪ್ಪನ ಕೈ ನಿಜವಾಗಿಯೂ ಒಳ್ಳೆಯದಿತ್ತು, ಅದರಲ್ಲಿ ಎರಡು ಮಾತಿಲ್ಲ. ಅವ್ವನ ಕೈಯೂ ಅಷ್ಟೇ ಒಳ್ಳೆಯದಿತ್ತು ಅಂತ ನಾನು ಈಗ, ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಮೇ ಕೊನೆಗೆ ಅವ್ವ ಕೇಳಿದಳು: "ಇಷ್ಟೆಲ್ಲ ಸುತ್ತಿ ಏನು ಮಾಡೂದು?" ನೇಯಬೇಕು, ಮತ್ತೇನು! ಜೂನ್‌ನಲ್ಲಿ ಬೆಟಗೇರಿಯಿಂದ ಒಂದು ಹಳೆಯ ಚೌಕಟ್ಟಿನ ಮಗ್ಗವನ್ನು ಟೆಂಪೋದಲ್ಲಿ ತಂದೆವು. ಬೆಂಚಿನ ಮೇಲೆ ಕೂತು ನೇಯುವಂಥದ್ದು. ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುತ್ತದೆ. ಅದನ್ನು ಹೂಡಿ ಕೊಡಲು ಬೆಟಗೇರಿಯಿಂದ ಒಬ್ಬ ಹಿರಿಯ ನೇಕಾರ ಕಾಕಾ, ಅವರ ಹೆಂಡತಿ ಕಾಕು ಬಸ್ಸಿನಲ್ಲಿ ಬಂದರು. ಕಾಕಾ ಮಗ್ಗ ನಿಲ್ಲಿಸಿದರು, ಹಗ್ಗ ಕಟ್ಟಿದರು. ಹಾಸು ಕೂಡಿಸಿದವರು ಕಾಕು.

ಹಾಸು ಕೂಡಿಸುವುದು ಏನು ಅಂತ ಸ್ವಲ್ಪ ನಿಧಾನವಾಗಿ ಹೇಳಬೇಕು. ಟವೆಲ್ ಈಗ ಎಷ್ಟನೇ ಸಾಲಿನಲ್ಲಿದೆಯೋ, ಅದನ್ನು ನೋಡುತ್ತಾ ಕೇಳಿ. ಅದರ ಅಗಲ 30 ಇಂಚು. ಇಂಚಿಗೆ 40 ಎಳೆ. ಅಂದರೆ ಅಡ್ಡಕ್ಕೆ 1,200 ಎಳೆ. ಈ ಒಂದೊಂದು ಎಳೆಯೂ ದಾರದ ಒಂದೊಂದು ಕಣ್ಣಿನೊಳಗೆ ಹಾಯಬೇಕು, ಆಮೇಲೆ ಹಣಿಗೆಯ ಹಲ್ಲಿನ ಸಂದಿನಲ್ಲಿ ಹಾಯಬೇಕು. ತಲೆ ಬಾಚುವ ಹಣಿಗೆಗೂ ಮಗ್ಗದ ಹಣಿಗೆಗೂ ನಮ್ಮಲ್ಲಿ ಒಂದೇ ಹೆಸರು, ಮಾಡುವ ಕೆಲಸವೂ ಹತ್ತಿರ ಹತ್ತಿರ ಒಂದೇ. ಪ್ರತಿ ಸಲ ಹೊಸದಾಗಿ ಹಾಯಿಸುತ್ತಾ ಕೂತರೆ ದಿನಗಟ್ಟಲೆ ಬೇಕು. ಅದಕ್ಕೆ ಹಳೆಯ ಹಾಸಿನ ತುದಿಯನ್ನು ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಕೆಚ್ಚೋದು ಅನ್ನುತ್ತಿದ್ದರು. ಗಂಟು ಹಾಕುವುದಲ್ಲ. ಎರಡು ಎಳೆ ಸೇರಿಸಿ, ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹೊಸೆದು, ಮಡಚಿ, ಮತ್ತೊಮ್ಮೆ ಹೊಸೆಯುವುದು. ಕಾಕು ಬೆಳಿಗ್ಗೆ ಚಹಾ ಕುಡಿದು ಕೂತರು. ಊಟದ ಹೊತ್ತಿಗೆ 1,200 ಎಳೆ ಮುಗಿದಿತ್ತು. ಕೆಳಗೆ ನೋಡುತ್ತಲೇ ಇರಲಿಲ್ಲ, ಅವ್ವನ ಜೊತೆ ಗದಗಿನ ಸುದ್ದಿ ಮಾತಾಡುತ್ತಿದ್ದರು. ಮುಂದಿನ ಹಾಸು ನಾನೇ ಕೆಚ್ಚಿದೆ. ಮೂರು ದಿನ ಹಿಡಿಯಿತು.

ಅವತ್ತಿನ ಹಾಸು 12 ಮೀಟರ್ ಉದ್ದ. 1,200 ಎಳೆಗೆ 12 ಮೀಟರ್ ಅಂದರೆ 14,400 ಮೀಟರ್ ನೂಲು. ಒಂದೇ ಎಳೆಯಾಗಿ ಹಿಡಿದು ಧಾರವಾಡದಿಂದ ಹೊರಟರೆ ನವನಗರ ದಾಟಿ ಉಣಕಲ್ ಹತ್ತಿರ ಹತ್ತಿರ ಹೋಗುತ್ತೀರಿ. ಅಷ್ಟೂ ನೂಲು ಸೇರಿ ತೂಕ ಅರ್ಧ ಕಿಲೋಗಿಂತ ಕಡಿಮೆ. ಎರಡೆಳೆ ಹುರಿ ಮಾಡಿದ ನಲವತ್ತರ ನೂಲು ಅದು. ಅಷ್ಟು ಉದ್ದದ ನೂಲನ್ನು ಯಾರೋ ತಮ್ಮ ಕೈಯಿಂದ ಹಾಯಿಸಿ, ಒಂದೂ ಸಿಕ್ಕಾಗದ ಹಾಗೆ ಪಕ್ಕ ಪಕ್ಕ ಮಲಗಿಸಿದ ಮೇಲೆ ನಾನು ಬೆಂಚಿನ ಮೇಲೆ ಕೂತು ಮೊದಲ ಸಲ ಹಗ್ಗ ಜಗ್ಗಿದೆ.

ಈಗ ಆ ಸಂದಿನ ಕಥೆ. ನಾಲ್ಕನೇ ದಿನವೋ ಐದನೇ ದಿನವೋ ಮೊದಲ ಟವೆಲ್ ಮುಗಿಯುತ್ತಾ ಬಂದಿತ್ತು. ಅವ್ವ ಬಂದು ಪಕ್ಕದಲ್ಲಿ ನಿಂತು, ನೇಯ್ದ ಭಾಗದ ಮೇಲೆ ಅಂಗೈ ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲೊಂದು ಎಳಿ ಹೋಗೇತಿ, ನೋಡು." ನೋಡಿದೆ, ನಿಜ. ಹಾಸಿನ ಎಳೆಯೊಂದು ಶುರುವಿನಲ್ಲೇ ಹರಿದಿತ್ತು. ಅದಿಲ್ಲದೆಯೇ ಟವೆಲ್ ಉದ್ದಕ್ಕೂ ನೇಯ್ದುಕೊಂಡು ಹೋಗಿದ್ದೆ. ಟೆಸ್ಟ್ ಡೆಸ್ಕಿನಲ್ಲಿ ಎಲ್ಲೋ ದೂರದ ಓಣಿಯಲ್ಲಿ ಹರಿದ ತಂತಿಯನ್ನು ಮೀಟರ್ ನೋಡಿ ಹೇಳುತ್ತಿದ್ದವಳು ನಾನು. ಅದಕ್ಕೆ ಮೀಟರ್ ಇತ್ತು. ಇಲ್ಲಿ ಮೀಟರ್ ಅವ್ವನ ಅಂಗೈ. ಅವತ್ತಿನಿಂದ ನಾನು ಪ್ರತಿ ಗೇಣು ನೇಯ್ದ ಮೇಲೆ ನಿಲ್ಲಿಸಿ ಅಂಗೈ ಆಡಿಸುತ್ತೇನೆ. ಈಗ ನನಗೂ ಸಿಗುತ್ತದೆ, ಹತ್ತರಲ್ಲಿ ಎಂಟು ಸಲ.

"ನೀನೂ ಒಂದು ಸಲ ಮಗ್ಗದ ಮೇಲೆ ಕೂಡವ್ವಾ" ಅಂತ ಕರೆದೆ. ಬಹಳ ಸಲ ಕರೆದೆ. ಅವಳು ಕೂರಲಿಲ್ಲ. "ನನಗ ಅದು ಬ್ಯಾಡ. ಕಂಡಕಿ ಮುಗದಾವೇನು, ತಾ ಇಲ್ಲೆ" ಅನ್ನುತ್ತಿದ್ದಳು. ಮೊದಲು ನನಗೆ ಬೇಜಾರಾಗುತ್ತಿತ್ತು. ಆಮೇಲೆ ಅರ್ಥವಾಯಿತು. ಮಗ್ಗದ ಮೇಲೆ ಕೂತರೇ ದೊಡ್ಡ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಅವಳು ಹಾಗೆ ಅಂದುಕೊಂಡಿರಲಿಲ್ಲ.

ನಡುವೆ ಒಂದು ಮಾತು, ಇಲ್ಲಿ ಕಸೂತಿ ಮಾಡುವ ಅಕ್ಕಂದಿರು ಬಹಳ ಜನ ಕಾಣುತ್ತಿದ್ದೀರಿ, ಅದಕ್ಕೆ. ನೀವು ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆ ಹಾಕುವಾಗ ಗೆರೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತೀರಿ. ನೇಗಿ ಹಾಕಿದ್ದನ್ನು ದೂರದಿಂದ ನೋಡಿದರೆ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಹೆಸರಿನಲ್ಲೇ ನೇಯ್ಗೆ ಇದೆ. ಹಾಸು ಯಾವುದು ಹೊಕ್ಕು ಯಾವುದು ಅಂತ ನಿಮ್ಮ ಸೂಜಿಗೆ ಆಗಲೇ ಗೊತ್ತು. ನಿಮ್ಮಲ್ಲಿ ಯಾರಾದರೂ ಮಗ್ಗ ಕಲಿಯಲು ಹೊರಟರೆ ನನಗಿಂತ ಬೇಗ ಕಲಿಯುತ್ತೀರಿ.

ಸೃಷ್ಟಿಯ ಖುಷಿ ಬಗ್ಗೆ ಹೇಳಿ ಅಂತ ಫೋನಿನಲ್ಲಿ ಕೇಳಿದ್ದಿರಿ. ನನ್ನ ಕೈಯಿಂದ ಬಂದದ್ದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಬಟ್ಟೆ ತಂದಿದ್ದೇನೆ. ಇದನ್ನು ಬಿಡಿಸಿ ಹಿಡಿಯುತ್ತೀರಾ, ಆ ಕಡೆ ಒಬ್ಬರು, ಈ ಕಡೆ ಒಬ್ಬರು? ಹಾಂ, ಹಾಗೆ. ಇದು 30 ಇಂಚಿನ ಚೌಕ. ಉದ್ದಕ್ಕೆ ಐದು ಪಟ್ಟೆ, ಅಡ್ಡಕ್ಕೆ ಐದು ಪಟ್ಟೆ. ಒಟ್ಟು 25 ಮನೆ.

ಟೆಲಿಫೋನ್ ಕೇಬಲ್ಲಿನೊಳಗೆ ತಂತಿಗಳು ಜೋಡಿ ಜೋಡಿಯಾಗಿ ಇರುತ್ತವೆ. ಯಾವ ಜೋಡಿ ಯಾವುದು ಅಂತ ಗುರುತಿಸಲು ಬಣ್ಣ. ಒಂದು ತಂತಿಗೆ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಅದರ ಜೊತೆಗಾರ ತಂತಿಗೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ. ಐದೈದಲ ಇಪ್ಪತ್ತೈದು ಜೋಡಿ. ಬಿಳಿ-ನೀಲಿ ಒಂದನೇ ಜೋಡಿ, ನೇರಳೆ-ಬೂದಿ ಇಪ್ಪತ್ತೈದನೆಯದು. ಕೆಲಸಕ್ಕೆ ಸೇರಿದವರು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. 2021ರಲ್ಲಿ ಒಂದು ದಿನ ಬಣ್ಣದ ಲಡಿಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದೆ. ನನಗೆ ಗೊತ್ತಿಲ್ಲದೆಯೇ ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ ಅಂತ ಇಟ್ಟುಬಿಟ್ಟಿದ್ದೆ. ನಿಂತು ನೋಡಿದೆ. ಇದನ್ನು ಹಾಸು ಮಾಡಿದರೆ? ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆಯನ್ನು ಹೊಕ್ಕು ಮಾಡಿದರೆ? ಪ್ರತಿಯೊಂದು ಮನೆಯೂ ಒಂದೊಂದು ಜೋಡಿ ಆಗುತ್ತದೆ. ಮಗ್ಗದ ಹತ್ತಿರವೂ ಹೋಗಿರಲಿಲ್ಲ ಆಗ. ಬಟ್ಟೆ ಕಪಾಟಿನ ಮುಂದೆಯೇ ಹುಟ್ಟಿಬಿಟ್ಟಿತ್ತು.

ನೇಯುವಾಗ ಕಂಡದ್ದು ಬೇರೆಯೇ. ಲಡಿಯಲ್ಲಿ ನೋಡಿದ ಬಣ್ಣ ಬಟ್ಟೆಯಲ್ಲಿ ಇರುವುದಿಲ್ಲ. ಹಾಸು ಹೊಕ್ಕು ಒಂದನ್ನೊಂದು ಹಾಯ್ದಾಗ ಮೂರನೆಯದೊಂದು ಬಣ್ಣ ಹುಟ್ಟುತ್ತದೆ. ಹತ್ತಿರದಿಂದ ನೋಡಿದರೆ ಎರಡೂ ಎಳೆ ಬೇರೆ ಬೇರೆ ಕಾಣುತ್ತವೆ, ನಾಲ್ಕು ಹೆಜ್ಜೆ ಹಿಂದೆ ಹೋದರೆ ಕೂಡಿಕೊಳ್ಳುತ್ತವೆ. ನೀಲಿಯ ಮೇಲೆ ಹಳದಿ ಹೋದ ಮನೆ ನೋಡಿ, ಎಳೆಯ ಜೋಳದ ಹೊಲದ ಹಾಗಿದೆ. ಬೂದಿಯ ಮೇಲೆ ಬಿಳಿ, ಆಷಾಢದ ಧಾರವಾಡದ ಆಕಾಶ. ಕಂದಿನ ಮೇಲೆ ಕಪ್ಪು ಹೋದದ್ದು ಮಂಕಾಯಿತು. ನನಗೆ ಬೇಡವಾಗಿತ್ತು, ಬಿಚ್ಚಿಬಿಡೋಣ ಅನ್ನಿಸಿತು. ಆದರೆ ಹದಿನಾಲ್ಕನೇ ಜೋಡಿ ಇಲ್ಲದೆ ಕೇಬಲ್ ಹೇಗಾಗುತ್ತದೆ? ಬಿಟ್ಟೆ. ಈಗ ನೋಡಿದರೆ ಆ ಮಂಕು ಮನೆ ಇದೆ ಅಂತಲೇ ಅದರ ಪಕ್ಕದ ಹಸಿರು ಅಷ್ಟು ಎದ್ದು ಕಾಣುತ್ತದೆ. ನನ್ನ ಕಣ್ಣಿಗೆ ಇದನ್ನು ಕಲಿಸಿದ್ದು ಮಗ್ಗ.

ನಮ್ಮ ಜೊತೆ ಕೆಲಸ ಮಾಡಿದ ಒಬ್ಬ ಕೇಬಲ್ ಜಾಯಿಂಟರ್ ಅಣ್ಣ ಮನೆಗೆ ಬಂದಿದ್ದರು. ಗೋಡೆಗೆ ಹಾಕಿದ್ದ ಈ ಬಟ್ಟೆಯ ಮುಂದೆ ನಿಂತರು. ನಾನು ಏನೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬೆರಳಿಟ್ಟು ಓದತೊಡಗಿದರು. "ಬಿಳಿ ನೀಲಿ ಒಂದು. ಬಿಳಿ ಕಿತ್ತಳೆ ಎರಡು. ಬಿಳಿ ಹಸಿರು ಮೂರು..." ಇಪ್ಪತ್ತೈದರ ತನಕ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಸುಮ್ಮನೆ ಕೂತರು. ನಾನು ನೇಯ್ದದ್ದನ್ನು ಯಾರಾದರೂ ಅಷ್ಟು ಪೂರ್ತಿ ಓದಿದ್ದು ಅದೊಂದೇ ಸಲ. ಈ ಬಟ್ಟೆಯನ್ನು ನಾನು ಮಾರುವುದಿಲ್ಲ.

ಮಾರುವ ಮಾತು ಬಂತಲ್ಲ, ಅದನ್ನು ಹೇಳದೆ ಹೋಗಲಾರೆ. ನನ್ನ ಹಾಗೆ ಪೆನ್ಷನ್ ಬರುವವರು, ಬೇರೆ ಸಂಬಳ ಇರುವವರು ಮಗ್ಗ ಹಿಡಿದಾಗ ಒಂದು ತಪ್ಪು ಮಾಡುತ್ತೇವೆ. ನಾನು ಮಾಡಿದೆ. 2021ರ ಕೊನೆಗೆ ಒಂದು ಸಣ್ಣ ಪ್ರದರ್ಶನದಲ್ಲಿ ಟವೆಲ್ ಇಟ್ಟಿದ್ದೆ. ಒಂದಕ್ಕೆ 150 ರೂಪಾಯಿ. ನೂಲಿನ ದುಡ್ಡು ಬಂದರೆ ಸಾಕು, ನನಗೇನು, ಖುಷಿಗೆ ನೇಯುತ್ತೇನೆ ಅಂತ. ಪಕ್ಕದ ಮೇಜಿನಲ್ಲಿ ನೇಕಾರ ಹೆಣ್ಣುಮಗಳೊಬ್ಬಳು ಇದ್ದಳು. ಅವಳದೂ ಟವೆಲ್, ಪಂಜೆ. ಅವಳ ಬೆಲೆ ನನ್ನದಕ್ಕಿಂತ ಎರಡು ಪಟ್ಟು. ಜನ ಅಲ್ಲಿ ಕೇಳಿ, ಇಲ್ಲಿ ಬಂದು ನನ್ನದನ್ನು ತೆಗೆದುಕೊಂಡು ಹೋಗುತ್ತಿದ್ದರು. ಸಂಜೆ ಅವಳು ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದಳು: "ಅಕ್ಕಾರ, ನಿಮಗ ಪೆನ್ಷನ್ ಐತಿ. ನಮಗ ಇದs ಐತಿ ರೀ."

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಲೆಕ್ಕ ಬರೆದೆ. ಒಂದು ಟವೆಲ್ ಉದ್ದ 60 ಇಂಚು. ಇಂಚಿಗೆ 40 ಹೊಕ್ಕು. ಅಂದರೆ 2,400 ಸಲ ಹಗ್ಗ ಜಗ್ಗಬೇಕು, 2,400 ಸಲ ಕಾಲು ತುಳಿಯಬೇಕು, 2,400 ಸಲ ಹಣಿಗೆ ಹೊಡೆಯಬೇಕು. ಅದಕ್ಕೆ ಮೊದಲು ಹಾಸಿನ ಕೆಲಸ, ಕಂಡಿಕೆಯ ಕೆಲಸ. ನೂಲು ಒಂದು ಟವೆಲ್ಲಿಗೆ 110 ಗ್ರಾಂ ಚಿಲ್ಲರೆ, ಅಷ್ಟೇ. ನಾನು ಬೆಲೆ ಕಟ್ಟಿದ್ದು ಆ 110 ಗ್ರಾಮಿಗೆ. ಉಳಿದದ್ದಕ್ಕೆಲ್ಲ ಸೊನ್ನೆ ಹಾಕಿದ್ದೆ. ನನ್ನ ದುಡಿಮೆಗೆ ನಾನು ಸೊನ್ನೆ ಹಾಕಿಕೊಂಡರೆ ಅದು ನನ್ನ ಇಷ್ಟ ಅನ್ನಬಹುದು. ಆದರೆ ಅವ್ವನ ದುಡಿಮೆಗೂ ಸೊನ್ನೆ ಹಾಕಿದ್ದೆ. ಪಕ್ಕದ ಮೇಜಿನವಳ ದುಡಿಮೆಯನ್ನೂ ಕೆಳಗೆ ಎಳೆದಿದ್ದೆ. ಈಗ ನಾನು ಒಂದು ಟವೆಲ್ಲಿಗೆ 450 ರೂಪಾಯಿ ಇಡುತ್ತೇನೆ. ಕೊಳ್ಳುವವರು ಕಡಿಮೆ, ನಿಜ. ಪುಕ್ಕಟೆ ಕೊಡಬೇಕು ಅನ್ನಿಸಿದವರಿಗೆ ಪುಕ್ಕಟೆಯೇ ಕೊಡುತ್ತೇನೆ. ಅಗ್ಗಕ್ಕೆ ಮಾರುವುದಿಲ್ಲ. ಖುಷಿಗೆ ನೇಯುವವರು ದಯವಿಟ್ಟು ಇದನ್ನು ಯೋಚನೆ ಮಾಡಿ.

ನಮ್ಮ ಸುತ್ತಮುತ್ತ ಹೊಟ್ಟೆಪಾಡಿಗೆ ನೇಯುವವರು ಇನ್ನೂ ಇದ್ದಾರೆ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಕೊಂಡಿಯಾಗಿ ಕೂಡಿಸುತ್ತಾರೆ. ಗಜೇಂದ್ರಗಡದ ಕಡೆಯ ಪಟ್ಟೆದಂಚು ಸೀರೆಗೆ ಒಳಮೈ ಹೊರಮೈ ಅಂತ ಇಲ್ಲ, ಎರಡೂ ಕಡೆ ಉಡಬಹುದು. ಇಲ್ಲೇ ಧಾರವಾಡದ ಹತ್ತಿರದ ಗರಗದಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜದ ಕೆಲಸ. ಬೆಂಗೇರಿಯ ಖಾದಿ ಸಂಘ 1957ರದು. 2021ರ ಕೊನೆಗೆ ಧ್ವಜ ಸಂಹಿತೆ ಬದಲಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಅಲ್ಲಿ ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳ ಮುಖ ನನ್ನ ಕಣ್ಣ ಮುಂದೆ ಬಂತು. ನೀವು ಬಾವುಟ ಕೊಳ್ಳುವ ದಿನ ಬೆಂಗೇರಿಗೆ ಹೋಗಿ ಕೊಳ್ಳಿ. ಧಾರವಾಡದಿಂದ ಎಷ್ಟು ದೂರ?

ಕಲಿಯಬೇಕು ಅನ್ನುವವರಿಗೆ ಎರಡು ಮಾತು. ಮೊದಲೇ ಮಗ್ಗ ಕೊಳ್ಳಬೇಡಿ. ನೂಲಿನ ಜೊತೆ ಮೂರು ತಿಂಗಳು ಇರಿ. ಗದಗಿನಲ್ಲಿ ಕೈಮಗ್ಗ ತಂತ್ರಜ್ಞಾನ ಕಲಿಸುವ ಸಂಸ್ಥೆಯೇ ಇದೆ, ವಯಸ್ಸಿನ ಮಕ್ಕಳಿದ್ದರೆ ಅಲ್ಲಿಗೆ ಕಳಿಸಿ. ನಮ್ಮ ವಯಸ್ಸಿನವರು ನೇಕಾರರ ಮನೆಗೆ ಹೋಗಿ ಕೇಳಿ ಕಲಿಯಬಹುದು. ಆದರೆ ಅವರ ಹೊತ್ತಿಗೆ ದುಡ್ಡು ಕೊಡಿ. ನಿಮ್ಮ ಮಕ್ಕಳ ಟ್ಯೂಷನ್ನಿಗೆ ಕೊಡುತ್ತೀರಲ್ಲ, ಹಾಗೆ. ಮೊಣಕಾಲು ನೋವಿದ್ದರೆ ಕುಣಿ ಮಗ್ಗ ಬೇಡ, ಬೆಂಚಿನದು ಇರಲಿ. ಮುಕ್ಕಾಲು ತಾಸಿಗೊಮ್ಮೆ ಏಳಿ.

ಅವ್ವ 2023ರಲ್ಲಿ ಹೋದಳು. ಅವಳು ಸುತ್ತಿಟ್ಟ ಕಂಡಿಕೆ ಒಂದು ಡಬ್ಬಿ ತುಂಬ ಉಳಿದಿದ್ದವು. ನೆನಪಿಗೆ ಎತ್ತಿಡು ಅಂದರು ಕೆಲವರು. ನಾನು ಇಡಲಿಲ್ಲ, ನೇಯ್ದೆ. ಸುತ್ತಿದ್ದೇ ನೇಯಲಿಕ್ಕೆ. ಎಂಟು ಟವೆಲ್ ಆದವು. ಮನೆಯವರೆಲ್ಲ ಮೈ ಒರೆಸಿಕೊಳ್ಳುತ್ತಾರೆ. ಈಗ ನಮ್ಮ ಓಣಿಯಲ್ಲೇ ಒಬ್ಬ ಹೆಣ್ಣುಮಗಳು ವಾರಕ್ಕೆರಡು ದಿನ ಬಂದು ಸುತ್ತಿಕೊಡುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು "ನೇಕಾರಳು" ಅಂತಲೇ ಬರೆಯುತ್ತೇನೆ.

ಮಗ್ಗ ಇಲ್ಲಿಗೆ ತರಲು ಆಗಲಿಲ್ಲ. ರಾಟಿ ತಂದಿದ್ದೇನೆ, ಹೊರಗೆ ಚಹಾದ ಮೇಜಿನ ಪಕ್ಕ ಇದೆ. ಎರಡು ಲಡಿ ಇಟ್ಟಿದ್ದೇನೆ, ಎರಡೂ ಬಿಳಿ. ಒಂದು ನಲವತ್ತರದು, ಒಂದು ಅರವತ್ತರದು. ಲೇಬಲ್ ತೆಗೆದುಬಿಟ್ಟಿದ್ದೇನೆ. ಕಣ್ಣು ಮುಚ್ಚಿ ಒಂದೊಂದು ಎಳೆ ಬೆರಳಲ್ಲಿ ತಿಕ್ಕಿ ನೋಡಿ, ಆಮೇಲೆ ಕೂತು ಒಂದು ಕಂಡಿಕೆ ಸುತ್ತಿ. ಬುಡದಿಂದ ಶುರುಮಾಡಿ.